ದೇವರ ಹತ್ತಿರ ನನ್ನ ಶಿಫಾರಸುದಾರರು

ನನಗೆ ದೇವರಲ್ಲಿ ನಂಬಿಕೆ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ನಂಬಿಕೆ ಬೇಕಾದಷ್ಟಿತ್ತು, ಇಲ್ಲದೆ ಇದ್ದದ್ದು ಆತನೊಡನೆ ನೇರವಾಗಿ ಮಾತಾಡುವ ಧೈರ್ಯ. ಇದಕ್ಕೆ ನನ್ನ ನೌಕರಿಯೇ ಕಾರಣವೆಂದು ನನ್ನ ಗುಮಾನಿ. ಎಪ್ಪತ್ತರ ದಶಕದಲ್ಲಿ ನಾನು ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿ ಎರಡು ದಿನ ರಜ ಬೇಕಾದರೂ ಸಾಹೇಬರ ಕೋಣೆಗೆ ಸೀದಾ ನುಗ್ಗುವಂತಿರಲಿಲ್ಲ. ಅರ್ಜಿ ಮೊದಲು ಹೆಡ್ ಕ್ಲಾರ್ಕರ ಮೇಜಿಗೆ, ಅಲ್ಲಿಂದ ಮ್ಯಾನೇಜರರ ಮೇಜಿಗೆ ಹೋಗಬೇಕು; ನಡುವೆ ಸಾಹೇಬರ ಮನೆಗೆ ಹೋಗಿಬರುವವರಲ್ಲಿ ಯಾರನ್ನಾದರೂ ಹಿಡಿದು ಒಂದು ಮಾತು ಹೇಳಿಸಬೇಕು. ಒಂದು ಜಿಲ್ಲೆಯ ಸಾಹೇಬರ ಹತ್ತಿರವೇ ಹೀಗಾದರೆ, ಲೋಕವನ್ನೆಲ್ಲ ಆಳುವವನ ಮುಂದೆ ನಾನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಹೀಗಾಗಿ ಅಲ್ಲಿಯೂ ಶಿಫಾರಸು ಹಿಡಿದೆ. ನೆಗಡಿ, ಕೆಮ್ಮು, ಇಲಾಖಾ ಪರೀಕ್ಷೆ, ಇಂಥ ಸಣ್ಣಪುಟ್ಟದ್ದಕ್ಕೆ ನಮ್ಮ ಚರ್ಚಿನ ಪಾದ್ರಿ ಅಯ್ಯನವರೇ ಸಾಕಾಗಿತ್ತು. 'ದೇವರ ಹತ್ರ ಧೈರ್ಯವಾಗಿ ಹೋಗಿ' ಎಂದು ಅವರು ಭಾನುವಾರ ಪ್ರಸಂಗ ಮಾಡುವರು; ನಾನು ಆರಾಧನೆ ಮುಗಿದ ಮೇಲೆ ಧೈರ್ಯವಾಗಿ ಅವರ ಹತ್ತಿರ ಹೋಗುವೆನು. ದೊಡ್ಡ ವಿಷಯವಾದರೆ ಗುಬ್ಬಿಯಲ್ಲಿದ್ದ ನನ್ನ ಸೋದರತ್ತೆ. ಅತ್ತೆ ಪ್ರಾರ್ಥನೆಗೆ ಮೊಣಕಾಲೂರಿದರೆ ಗುಬ್ಬಿ ಸ್ಟೇಷನ್ನಿಗೆ ಎರಡು ರೈಲು ಬಂದುಹೋದರೂ ಏಳುತ್ತಿರಲಿಲ್ಲ. ಅವರಿಗೊಂದು ಕಾರ್ಡು ಗೀಚಿ ಹಾಕಿದರೆ ನನ್ನ ಕೆಲಸ ಮುಗಿಯಿತು. ಒಮ್ಮೆ ಗುಬ್ಬಿಗೆ ಹೋದಾಗ ಅತ್ತೆ ರೇಗಿ, "ಏನೋ, ನಿಂಗೆ ಬಾಯಿಲ್ವೇನೋ? ತಂದೆ ಅಂತೀಯ, ತಂದೆ ಜೊತೆ ಮಾತಾಡೋಕೆ ನನ್ನ ಕಳಿಸ್ತೀಯಲ್ಲೋ!" ಎಂದು ಬೈದರು. ನಾನು ತಲೆಯಾಡಿಸಿ, ತುಮಕೂರಿಗೆ ಬಂದು ಇನ್ನೊಂದು ಕಾರ್ಡು ಬರೆದೆ.

ನನ್ನ ಹೆಂಡತಿ ಕರುಣಳದು ಬೇರೆಯೇ ಜಾತಕ. ಅವಳು ಅಡುಗೆಮನೆಯಲ್ಲಿ ಬೆಂಕಿಕಡ್ಡಿ ಗೀರುತ್ತಲೇ, "ಅಪ್ಪಾ, ಈ ಹಾಳು ಸ್ಟೋವ್ ಹತ್ಕೊಳ್ಳೋ ಹಂಗೆ ಮಾಡಪ್ಪಾ" ಎನ್ನುವಳು. ಹತ್ತಿಕೊಂಡರೆ, "ಸ್ತೋತ್ರ ಕಣಪ್ಪಾ!" ಎಂದು ಉಪಕಾರ ನೆನೆಯುವಳು. ನನಗೆ ಎದೆ ಧಸಕ್ಕೆನ್ನುತ್ತಿತ್ತು. "ದೇವರಿಗೆ ಕಣಪ್ಪಾ ಅನ್ನೋದೇನೇ?" ಎಂದರೆ, "ಇನ್ನೇನ್ರೀ, ಸಾರ್ ಅನ್ಲಾ?" ಎನ್ನುವಳು.

ಆರು ವರ್ಷ ಕಾದ ಮೇಲೆ ಕರುಣ ಬಸುರಿಯಾದಳು. ಹೆರಿಗೆ ಹತ್ತಿರ ಬಂದಾಗ, ಇದು ಗುಬ್ಬಿಯ ಮಟ್ಟದ ವಿಷಯವೆಂದು ತೀರ್ಮಾನಿಸಿ ಕಾರ್ಡು ಬರೆದೆ. ಆದರೆ ದಿನ ತುಂಬುವ ಮೊದಲೇ ಒಂದು ಮಧ್ಯಾಹ್ನ ನೋವು ಬಂತು. ನಾವಿದ್ದ ಉಪ್ಪಾರಹಳ್ಳಿಯಿಂದ ಜಟಕಾ ಮಾಡಿಕೊಂಡು ಆಸ್ಪತ್ರೆಗೆ ಸೇರಿಸಿದೆ. ಸ್ವಲ್ಪ ಹೊತ್ತಿಗೆ ನರ್ಸಮ್ಮ ಹೊರಗೆ ಬಂದು, "ಮಗು ಅಡ್ಡ ತಿರುಗಿದೆ, ಕಷ್ಟ ಇದೆ. ದೇವರನ್ನ ನೆನ್ಸ್ಕೊಳ್ಳಿ" ಎಂದರು. ಅಯ್ಯನವರ ಮನೆಗೆ ಓಡಿದೆ, ಬೀಗ. ಯಾವುದೋ ಮದುವೆಗೆಂದು ಕುಣಿಗಲ್ಲಿಗೆ ಹೋಗಿದ್ದಾರಂತೆ. ಇರಲಿ, ಗುಬ್ಬಿಯಲ್ಲಿ ಅತ್ತೆ ಇದ್ದಾರಲ್ಲ ಎಂದು ಎದೆ ಮುಟ್ಟಿಕೊಂಡರೆ, ಅವರಿಗೆ ಬರೆದ ಕಾರ್ಡು ನನ್ನ ಅಂಗಿಯ ಜೇಬಿನಲ್ಲೇ ಕೂತಿದೆ!

ವಾಪಸು ಬಂದು ಹೆರಿಗೆ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಕ್ಕರಿಸಿದೆ. ಬೇರೆ ದಾರಿ ಇರಲಿಲ್ಲ. ಕಣ್ಣು ಮುಚ್ಚಿ, "ಪರಲೋಕದಲ್ಲಿ ವಿರಾಜಮಾನರಾದ ತಮ್ಮ ಸನ್ನಿಧಾನಕ್ಕೆ ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ" ಎಂದು ಶುರುಮಾಡಿದೆ. ಅಷ್ಟರಲ್ಲಿ ಒಳಗಿನಿಂದ ಕರುಣಳ ಕೂಗು ಕೇಳಿಸಿತು. ನನ್ನ ಒಕ್ಕಣೆಯೆಲ್ಲ ಎಲ್ಲಿ ಉದುರಿಹೋಯಿತೋ! "ಅಪ್ಪಾ! ಅವಳ್ನ ಉಳಿಸಪ್ಪಾ! ಅವಳಿಲ್ದೆ ನನ್ನ ಕೈಲಾಗಲ್ಲ ಕಣಪ್ಪಾ!" ಎಂದೆ. ಆ ದಿನ ಹೆದರಿದಷ್ಟು ನಾನು ಯಾವತ್ತೂ ಹೆದರಿಲ್ಲ. ಆದರೆ ಅಷ್ಟು ಹೆದರಿದ್ದರೂ, ಯಾರೋ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಾರೆ ಎನ್ನಿಸಿದ್ದು ನಿಜ.

ಸಂಜೆಗೆ ಹೆಣ್ಣುಮಗು. ತಾಯಿ, ಮಗು ಇಬ್ಬರೂ ಕ್ಷೇಮ. ವಾರ್ಡಿಗೆ ಹೋದೆ. ಎರಡೂ ಕಡೆ ಸಾಲುಮಂಚ, ಬಾಣಂತಿಯರು, ಅವರ ಅಮ್ಮಂದಿರು. ಕರುಣ ಸೋತ ದನಿಯಲ್ಲಿ, "ರೀ, ದೇವರಿಗೆ ಸ್ತೋತ್ರ ಹೇಳ್ರೀ" ಎಂದಳು. ಅಷ್ಟು ಜನ ಹೆಂಗಸರ ಎದುರಿಗೆ! "ಅಯ್ಯನೋರು ಕುಣಿಗಲ್ಲಿಂದ ಬರ್ಲಿ ಕಣೇ, ಅವರ ಕೈಲೇ ಚೆನ್ನಾಗಿ ಹೇಳಿಸೋಣ" ಎಂದೆ.

ಪಕ್ಕದ ಮಂಚದಲ್ಲಿ ಹಿರೇಹಳ್ಳಿಯ ಒಬ್ಬ ಅಜ್ಜಿ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿತ್ತು. ತಲೆಯೆತ್ತಿ ನನ್ನನ್ನು ನೋಡಿ, "ಏನ್ಲಾ ಮಗ, ಬೇಕು ಅಂದಾಗ ಆಸ್ಪತ್ರೆ ಸೂರು ಹಾರೋಗೋ ಹಂಗೆ ಅರಚ್ತಿದ್ದೆ. ಕೊಟ್ಟಾದ್ಮ್ಯಾಕೆ ಇನ್ನೊಬ್ರ ಕೈಲಿ ಹೇಳ್ ಕಳಿಸ್ತೀಯಾ?" ಎಂದಿತು.

ವಾರ್ಡಿಗೆ ವಾರ್ಡೇ ನಕ್ಕಿತು. ಹೊಲಿಗೆ ಹಾಕಿಸಿಕೊಂಡು ಮಲಗಿದ್ದವರೂ ನಕ್ಕು, ನೋವಿಗೆ ನನ್ನನ್ನೇ ಶಪಿಸಿರಬೇಕು. ನಾನು ಕಣ್ಣು ಮುಚ್ಚಿ "ಅಪ್ಪಾ" ಎಂದೆ. ಕಣ್ಣಲ್ಲಿ ನೀರು ಬಂತು, ಪ್ರಾರ್ಥನೆ ಅಲ್ಲಿಗೇ ಮುಗಿಯಿತು. ಕರುಣ ಮೆಲ್ಲಗೆ "ಆಮೆನ್" ಎಂದಳು. ಅಜ್ಜಿಗೆ ಮಾತ್ರ ಸಮಾಧಾನವಾಗಲಿಲ್ಲ. "ಅಷ್ಟೇಯಾ? ಕೇಳೋವಾಗ ಇನ್ನೂ ಉದ್ದ ಇತ್ತಪ್ಪ" ಎಂದು ಗೊಣಗಿತು.

ಅಂದಿನಿಂದ ಕೇಳಬೇಕಾದದ್ದನ್ನೆಲ್ಲ ನಾನೇ ಕೇಳುತ್ತೇನೆ, ಅದೂ ಸಲಿಗೆಯಿಂದ, ಪಟ್ಟು ಹಿಡಿದು. ಕೊಟ್ಟದ್ದಕ್ಕೆ ಸ್ತೋತ್ರ ಹೇಳುವುದು ಮಾತ್ರ ಈಗಲೂ ಸ್ವಲ್ಪ ಚುಟುಕಾಗಿಬಿಡುತ್ತದೆ. ಕರುಣ ಅದಕ್ಕೊಂದು ಉಪಾಯ ಮಾಡಿದ್ದಾಳೆ. ಊಟಕ್ಕೆ ಕೂತಾಗ ನನ್ನ ಸ್ತೋತ್ರ ತೀರ ಗಿಡ್ಡವಾಯಿತೆನ್ನಿಸಿದರೆ ಅವಳು ಆಮೆನ್ ಹೇಳುವುದಿಲ್ಲ. ಅವಳು ಆಮೆನ್ ಹೇಳದೆ ನನ್ನ ತಟ್ಟೆಗೆ ಮುದ್ದೆ ಬೀಳುವುದಿಲ್ಲ.