ಗುನ್ವೊರ್ ಹೇಳಿದ ಪರಿಸರ

"ರೀ, ಈ ಮನೆ ಪರಿಸರಾನೇ ಸರಿ ಇಲ್ಲ. ನನಗೆ ಉಸಿರು ಕಟ್ಟುತ್ತೆ!" ಎಂದು ಗುನ್ವೊರ್ ಒಂದು ಬೆಳಿಗ್ಗೆ ಕಾಫಿ ಕಪ್ಪನ್ನು ಠಕ್ಕೆಂದು ಕುಕ್ಕಿದಳು.

ಗಂಡ ಆಲ್‌ಗೊಟ್‌ನ ಮರ್ಮಕ್ಕೇ ತಾಗಿತು. ವೆಸ್ಟೆರೋಸ್ ನಗರದ ಆ ವಸತಿ ಸಮುಚ್ಚಯದ ಪರಿಸರಾಧಿಪತಿ ಅವನೇ. ನೆಲಮಾಳಿಗೆಯ ಪರಿಸರ ಕೋಣೆಯಲ್ಲಿ (ಕಸ ಹಾಕುವ ಕೋಣೆ ಎಂದರ್ಥ; ಸ್ವೀಡನ್ನಿನಲ್ಲಿ ಕಸಕ್ಕೂ ಮರ್ಯಾದೆಯುಂಟು) ಯಾರ ಡಬ್ಬಿ ಯಾವ ತೊಟ್ಟಿಗೆ ಬಿತ್ತೆಂದು ನಿವೃತ್ತನಾದಂದಿನಿಂದ ಕಾವಲು ಕಾಯುತ್ತಿದ್ದ. ಅಂಥವನ ಮನೆಯಲ್ಲೇ ಮಾಲಿನ್ಯವೇ!

ಅಂದೇ ಸುಧಾರಣಾ ಪರ್ವ ಆರಂಭವಾಯಿತು. ಹೀಟರ್ ತಗ್ಗಿತು. ಹೊಗೆ ಕಾರುತ್ತವೆಂದು ಹೆಂಡತಿಯ ಮೇಣದಬತ್ತಿಗಳು ಕಪಾಟು ಸೇರಿದವು. ಅಡಿಗೆಮನೆಯ ಸಿಂಕಿನ ಕೆಳಗೆ ಗೊಬ್ಬರದ ಎರೆಹುಳುಗಳು ಸಂಸಾರ ಹೂಡಿದವು. ಚಳಿಯನ್ನು ಎರಡು ಸ್ವೆಟರ್ ತೊಟ್ಟು ಸಹಿಸಿದ ಗುನ್ವೊರ್, ಹುಳು ಕಂಡ ಮರುಗಳಿಗೆಯೇ ಪೆಟ್ಟಿಗೆ ಹಿಡಿದು ಯೆವ್ಲೆಯ ಅಕ್ಕನ ಮನೆಗೆ ರೈಲು ಹತ್ತಿದಳು.

ವಾರ ಕಳೆದರೂ ಬರಲಿಲ್ಲ. ಒಬ್ಬನೇ ಬೇಯಿಸಿದ ಆಲೂಗಡ್ಡೆ ತಿಂದು ತಿಂದು ಸೋತ ಆಲ್‌ಗೊಟ್ ಫೋನು ಮಾಡಿದ.

"ಬಾರೇ, ಈಗ ನಮ್ಮನೆ ಪರಿಸರ ಅಪ್ಪಟ ಶುದ್ಧ."

"ಅಯ್ಯೋ ನಿಮ್ಮ ತಲೆ! ನಾನು ಹೇಳಿದ್ದು ಗಾಳಿ, ನೀರಿನ ವಿಷಯ ಅಲ್ಲ ಕಣ್ರೀ. ಗಂಡ ಹೆಂಡ್ತಿ ಇರೋ ಮನೇಲಿ ಮಾತಿಲ್ಲ, ಕತೆಯಿಲ್ಲ. ಚಳಿಗಾಲ ಪೂರ್ತಿ ನೀವು ನನ್ನ ಹತ್ರ ಆಡಿದ್ದು ಒಂದೇ ಮಾತು: 'ಆ ತೊಟ್ಟಿಗಲ್ಲ!'"

ಆಲ್‌ಗೊಟ್ ಮೆತ್ತಗಾಗಿ, "ಮಾತಾಡ್ತೀನಿ ಕಣೇ. ನೀನಿಲ್ದೆ ಇದು ಮನೆ ಥರಾನೇ ಇಲ್ಲ," ಎಂದ.

ಮದುವೆಯಾದ ಮೇಲೆ ಅವನ ಬಾಯಿಂದ ಅಂಥದ್ದೊಂದು ಮಾತು ಬಂದದ್ದೇ ಮೊದಲು. ಗುನ್ವೊರ್ ಕರಗಿ ಮರುದಿನವೇ ಬಂದಳು. ಮನೆ ಬೆಚ್ಚಗಿತ್ತು. ಹುಳುಗಳು ಜಾಗ ಖಾಲಿ ಮಾಡಿದ್ದವು. ಮೇಜಿನ ಮೇಲೆ ಮೇಣದಬತ್ತಿ, ಏಲಕ್ಕಿ ಬನ್ನು.

ಕೊಟ್ಟ ಮಾತಿನಂತೆ ಆಲ್‌ಗೊಟ್ ಮಾತಾಡತೊಡಗಿದ. ಆದರೆ ಪಾಪ, ಅವನಿಗೆ ಗೊತ್ತಿದ್ದ ವಿಷಯವಾದರೂ ಎಷ್ಟು? ತಿಂಡಿಯ ಹೊತ್ತಿಗೆ ಮೂರನೇ ಮಹಡಿಯವರು ತೊಳೆಯದೆ ಎಸೆದ ಮೊಸರಿನ ಡಬ್ಬಿ. ಊಟಕ್ಕೆ ಬಣ್ಣದ ಗಾಜು ಮತ್ತು ಬಿಳಿ ಗಾಜಿನ ತಾರತಮ್ಯ. ಅವಳು ಸ್ನಾನಕ್ಕೆ ಹೋದರೆ ಬಾಗಿಲಾಚೆ ನಿಂತು ರಟ್ಟಿನ ಪೆಟ್ಟಿಗೆ ಮಡಚುವ ವಿಧಾನ.

ಕೊನೆಗೆ ಗುನ್ವೊರ್, "ರೀ, ನನಗೆ ಸ್ವಲ್ಪ ಪರಿಸರ ಬದಲಾವಣೆ ಬೇಕು," ಎಂದಳು.

ಈ ಸಲ ಆಲ್‌ಗೊಟ್ ಹುಷಾರಾದ. "ಯಾವ ಪರಿಸರ? ಬಿಡಿಸಿ ಹೇಳ್ಬಿಡು. ಗಾಳೀನೋ, ಮಾತೋ?"

"ಊರು," ಎಂದು ಅವಳು ಪೆಟ್ಟಿಗೆ ಎತ್ತಿಕೊಂಡಳು.

ಸಂಜೆ ಅವನು ಯೆವ್ಲೆಗೆ ಫೋನು ಮಾಡಿದ. "ಹೇಗಿದೆಯೇ ಅಲ್ಲಿನ ಪರಿಸರ?"

"ಸ್ವರ್ಗ ಕಣ್ರೀ," ಎಂದಳು ಗುನ್ವೊರ್. "ಅಕ್ಕ ತುಟಿ ಬಿಚ್ಚೋದೇ ಇಲ್ಲ."