ಡಬ್ಬಿ ಬಿಟ್ಟು ಇನ್ನೂರೈವತ್ತು

ತಕ್ಕಡಿ ಸಾಹೇಬರ ಆ ದಿನದ ಪಾಡಿಗೆಲ್ಲ ಕಾರಣ ಒಂದು ರಟ್ಟಿನ ಡಬ್ಬಿ. ಅದರ ತೂಕ ಎಂಬತ್ತು ಗ್ರಾಂ.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಮಾರ್ಕೆಟ್ ಬೀದಿಯಲ್ಲಿ ಅವರ ಅಸಲಿ ಹೆಸರು ಯಾರಿಗೂ ನೆನಪಿಲ್ಲ. ಎದುರಿಗೆ ‘ಸಾರ್’, ಬೆನ್ನ ಹಿಂದೆ ‘ತಕ್ಕಡಿ ಸಾಹೇಬ್ರು’. ಹೋದ ವಾರ ಬೇಕರಿಯವರು ಬಿಸ್ಕತ್ತನ್ನು ಡಬ್ಬಿ ಸಮೇತ ತೂಗುತ್ತಿದ್ದಾಗ ಸಾಹೇಬರು ಹಿಂದಿನಿಂದ ಬಂದು ಕೈ ಹಿಡಿದಿದ್ದರು. ದಂಡ ಹಾಕಿದ್ದರೆ ಬೇಕರಿಯವರು ಕಟ್ಟಿ ಮರೆಯುತ್ತಿದ್ದರೇನೋ. ಸಾಹೇಬರು ಅದಕ್ಕಿಂತ ಕೆಟ್ಟದ್ದನ್ನು ಮಾಡಿದರು. ‘ಇಲ್ಲಿ ಹೇಳಿದ್ದಕ್ಕಿಂತ ಕಡಿಮೆ ಸಿಗುತ್ತದೆ’ ಎಂದು ದಪ್ಪಕ್ಷರದಲ್ಲಿ ಬರೆಸಿದ ತಗಡಿನ ಬೋರ್ಡೊಂದನ್ನು ಅಂಗಡಿಯ ಮುಂದೆ ಒಂದು ವಾರ ನೇತುಹಾಕಿಸಿದರು. ಬೀದಿಯೆಲ್ಲ ಓದಿತು. ಬೇಕರಿಯವರ ಅತ್ತೆಯೂ ಬಂದು ಎರಡು ಸಲ ಓದಿಕೊಂಡು ಹೋದರು.

ವಾರ ಮುಗಿದ ಬೆಳಿಗ್ಗೆ ಬೋರ್ಡು ಇಳಿಸಲು ಸಾಹೇಬರು ತಮ್ಮ ಸ್ವಂತ ಕಾರಿನಲ್ಲೇ ಬಂದರು. ಇಲಾಖೆಯ ಜೀಪಿನ ಕಿರುಗುಟ್ಟುವಿಕೆ ಬೀದಿಗೆಲ್ಲ ಪರಿಚಯವಿದ್ದದ್ದರಿಂದ ಅವರು ತಪಾಸಣೆಗೆ ಜೀಪು ಬಿಟ್ಟು ವರ್ಷಗಳೇ ಆಗಿದ್ದವು. ಕಾರು ಸೋದರಮಾವನಿಂದ ಬಂದದ್ದು. ಉದ್ದ ಮೂತಿ, ಎಂಟು ಸಿಲಿಂಡರು, ಒಂದು ಕಾಲದಲ್ಲಿ ರೇಸಿನ ಹುಚ್ಚಿದ್ದವರ ಕನಸಿನ ಗಾಡಿ. ಆದರೆ ಅತ್ತೆಗೆ ಮಧ್ಯಾಹ್ನದ ನಿದ್ದೆ ಕೆಡುತ್ತದೆಂದು ಮಾವ ಅದಕ್ಕೆ ಒಂದರ ಹಿಂದೊಂದು ಎರಡು ಸೈಲೆನ್ಸರು ಹಾಕಿಸಿದ್ದರು. ಹಾಗಾಗಿ ಅಷ್ಟು ದೊಡ್ಡ ಗಾಡಿ ಬೆಕ್ಕಿನಂತೆ ಸದ್ದಿಲ್ಲದೆ ಬಂದು ನಿಲ್ಲುತ್ತಿತ್ತು. ಅದರ ಹಿಂಬದಿಯಲ್ಲಿ ಹಿತ್ತಾಳೆಯ ತಗಡು: ‘ಇನ್ನೂರೈವತ್ತು ಹಾರ್ಸ್‌ಪವರ್’. ಸಾಹೇಬರು ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಆ ತಗಡನ್ನು ಉಜ್ಜುತ್ತಿದ್ದರು.

ಬೇಕರಿಯವರು ಬೋರ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಕಾರಿನ ಹಿಂದೆ ಹೋಗಿ ನಿಂತರು.

“ಸಾರ್, ಒಂದು ಸಣ್ಣ ಅನುಮಾನ. ಈ ಇನ್ನೂರೈವತ್ತನ್ನ ಅಳೆದೋರು ಯಾರು?”

“ಕಂಪನಿಯೋರು. ಇನ್ಯಾರು?”

“ಅಂದ್ರೆ ಮಾರಿದೋರೇ! ಮಾರೋನು ಹೇಳಿದ್ದನ್ನ ನಂಬ್ಕೊಂಡು ಕೂತ್ರೆ ಇಲಾಖೆ ಯಾಕ್ರೀ ಬೇಕು ಅಂತ ಹೋದ್ವಾರ ನೀವೇ ನನಗೆ ಬೈದ್ರಲ್ಲ ಸಾರ್?”

ಪಕ್ಕದಲ್ಲಿ ಬೀನ್ಸ್ ಆರಿಸುತ್ತಿದ್ದ ತರಕಾರಿ ಅಕ್ಕ ಕಿಸಕ್ಕನೆ ನಕ್ಕಳು. ಸಾಹೇಬರ ಕಿವಿ ಕೆಂಪಾಯಿತು. ಕಿವಿ ಕೆಂಪಾದಾಗ ಅವರ ನಾಲಿಗೆ ಅವರ ಮಾತು ಕೇಳುವುದಿಲ್ಲ.

“ಇವತ್ತೇ ಅಳೆಸ್ತೀನಿ! ಇನ್ನೂರೈವತ್ತರಲ್ಲಿ ಒಂದೇ ಒಂದು ಕಡಿಮೆ ಬಂದ್ರೂ ಇದೇ ಬೋರ್ಡನ್ನ ನನ್ನ ಕಾರಿಗೆ ಕಟ್ಕೊಂಡು ಒಂದು ವಾರ ಇದೇ ಬೀದೀಲಿ ಓಡಾಡ್ತೀನಿ!”

ಹತ್ತು ನಿಮಿಷದಲ್ಲಿ ಅರ್ಧ ಬೀದಿ ಬಾಗಿಲು ಹಾಕಿಕೊಂಡು ಸಾಹೇಬರ ಹಿಂದೆ ಹೊರಟಿತು.

ಮಾರ್ಕೆಟ್ಟಿನ ಹಿಂಬದಿಯಲ್ಲೇ ಒಂದು ದೊಡ್ಡ ಗ್ಯಾರೇಜು. ಅಲ್ಲಿ ನೆಲದಲ್ಲಿ ಹೂತ ಎರಡು ಉಕ್ಕಿನ ಉರುಳೆಗಳು. ಕಾರಿನ ಹಿಂದಿನ ಚಕ್ರಗಳನ್ನು ಅವುಗಳ ಮೇಲೆ ನಿಲ್ಲಿಸಿ, ನಾಲ್ಕೂ ಕಡೆ ಪಟ್ಟಿ ಬಿಗಿದು, ಆಕ್ಸಿಲರೇಟರ್ ಒತ್ತಿದರೆ ಕಾರು ನಿಂತಲ್ಲೇ ಓಡುತ್ತದೆ. ಅದರ ಕಸುವೆಷ್ಟೆಂದು ಗೋಡೆಯ ಮೇಲಿನ ಪರದೆ ಹೇಳುತ್ತದೆ. ಮೆಕ್ಯಾನಿಕ್ ಮಾತಾಡುವುದೇ ಕಡಿಮೆ. ಸಾಹೇಬರು ಮಾತ್ರ ಮೊದಲು ಯಂತ್ರದ ಸೀಲು ನೋಡಿ, ತಾರೀಖು ಓದಿ, ಪರದೆಯ ಧೂಳನ್ನು ತಮ್ಮದೇ ಕರ್ಚೀಫಿನಿಂದ ಒರೆಸಿ, “ಯಂತ್ರ ಸರಿಯಾಗಿದೆ. ಆಮೇಲೆ ಯಾರೂ ತಕರಾರು ತೆಗೀಬಾರ್ದು” ಎಂದು ಎಲ್ಲರ ಮುಂದೆ ಘೋಷಿಸಿದರು. ಪಾಪ, ಅಭ್ಯಾಸಬಲ.

ಮೆಕ್ಯಾನಿಕ್ ಕೂರಬೇಕಾದ ಜಾಗದಲ್ಲಿ ಹಟ ಹಿಡಿದು ತಾವೇ ಕೂತರು. ಆಕ್ಸಿಲರೇಟರ್ ಒತ್ತಿದರು. ವೇಗದ ಮುಳ್ಳು ನೂರು ದಾಟಿತು, ನೂರ ಇಪ್ಪತ್ತು ದಾಟಿತು. ಸಾಹೇಬರು ಎದುರಿನ ಗೋಡೆ ನೋಡಿ ಹೌಹಾರಿ ಹಾರ್ನ್ ಹೊಡೆದರು. ಗೋಡೆ ಸರಿಯಲಿಲ್ಲ. ಕಾರೂ ಕದಲಲಿಲ್ಲ.

ಪರದೆಯ ಮೇಲೆ ಅಂಕಿ ಮೂಡಿತು: ನೂರ ತೊಂಬತ್ತು.

ಎಣ್ಣೆ ಅಂಗಡಿಯ ಮುದುಕಪ್ಪ ನಗಲು ಶುರು ಮಾಡಿ, ಕೆಮ್ಮಿ, ನೀರು ಕುಡಿದು, ಮತ್ತೆ ನಕ್ಕ. ಸಾಹೇಬರು ಬೆವರುತ್ತಾ ಇಳಿದರು.

“ಅರವತ್ತು ಎಲ್ಲಿಗ್ರೀ ಹೋಯ್ತು?”

“ಎಲ್ಲೂ ಹೋಗಿಲ್ಲ ಸಾರ್,” ಎಂದ ಮೆಕ್ಯಾನಿಕ್. “ಆ ಕಾಲದಲ್ಲಿ ಕಂಪನಿಯೋರು ಎಂಜಿನ್ನನ್ನ ಹೊರಗಿಟ್ಟು ಅಳೀತಿದ್ರು. ಫ್ಯಾನಿಲ್ಲ, ಸೈಲೆನ್ಸರಿಲ್ಲ, ಗೇರು ಇಲ್ಲ. ಅವೆಲ್ಲ ತಿಂದು ಉಳಿಸಿದ್ದು ಚಕ್ರಕ್ಕೆ ಬರುತ್ತೆ. ಅವರು ಬರೆದಿದ್ದು ಈ ನಷ್ಟವೆಲ್ಲ ಸೇರಿಸಿ, ಇದು ಎಲ್ಲಾ ಕಳೆದು.”

ಬೇಕರಿಯವರ ಮುಖ ಅರಳಿತು. ಒಂದು ವಾರದಿಂದ ಅರಳಿರದ ಮುಖ.

“ಅಯ್ಯೋ ದೇವ್ರೇ, ಹಾಗಾದ್ರೆ ಇವ್ರೂ ಡಬ್ಬಿ ಸಮೇತ ತೂಗಿದ್ದಾರೆ ಅನ್ನಿ!”

ಗ್ಯಾರೇಜು ಗೊಳ್ಳೆಂದಿತು. ಬೇಕರಿಯವರು ಬಗಲಲ್ಲಿದ್ದ ಬೋರ್ಡನ್ನು ತೆಗೆದು, ತೋಳಿನಿಂದ ಒರೆಸಿ, ಕಾರಿನ ಹಿಂಬದಿಗೆ ಹಿಡಿದು ಅಳತೆ ನೋಡಿದರು. ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ಸಾಹೇಬರ ಹದಿನೆಂಟು ವರ್ಷದ ನೌಕರಿಯ ಮರ್ಯಾದೆ ಒಂದು ತಗಡಿನ ಮೇಲೆ ನೇತಾಡುತ್ತಿತ್ತು.

“ಏನಾದ್ರೂ ಮಾಡ್ಬಹುದಾ?” ಎಂದು ಮೆಲ್ಲಗೆ ಕೇಳಿದರು.

ಮೆಕ್ಯಾನಿಕ್ ಕಾರಿನಡಿ ತೂರಿ ಟಾರ್ಚು ಬಿಟ್ಟು ನೋಡಿದ. “ಎರಡೆರಡು ಸೈಲೆನ್ಸರು! ಮೂಗಿಗೆ ದಿಂಬು ಒತ್ತಿ ಓಡು ಅಂದ್ರೆ ಹೇಗೆ ಸಾರ್ ಓಡುತ್ತೆ? ಬಿಚ್ಚಿ, ದಪ್ಪ ಪೈಪು ಹಾಕಿ, ಒಳಗೆ ತಡೆ ಕಡಿಮೆ ಇರೋ ಸೈಲೆನ್ಸರ್ ಕೂರಿಸೋಣ.”

ಹಳೆಯವನ್ನು ಬಿಚ್ಚಿ, ಒಮ್ಮೆ ಹಾಗೇ ಸ್ಟಾರ್ಟ್ ಮಾಡಿದ. ತಗಡಿನ ಛಾವಣಿ ನಡುಗಿತು. ಮೂಲೆಯ ಪಾರಿವಾಳಗಳು ಹಾರಿಹೋದವು. ಮುದುಕಪ್ಪ ಕಿವಿ ಮುಚ್ಚಿಕೊಂಡ. ಆದರೆ ಬೇಕರಿಯವರೂ ತರಕಾರಿ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿಂದಾಚೆಗೆ ಅವರಿಬ್ಬರ ಧಾಟಿಯೇ ಬದಲಾಯಿತು.

“ಪಾಪ ಸಾರ್, ನಿಮ್ಮ ತಪ್ಪೇನಿದೆ?” ಎಂದರು ಬೇಕರಿಯವರು, ಬೋರ್ಡನ್ನು ಗೋಡೆಗೆ ಒರಗಿಸುತ್ತಾ. “ಸಂಜೆವರೆಗೂ ಟೈಮಿದೆ. ಇನ್ನೂರೈವತ್ತು ಬಂದೇ ಬರುತ್ತೆ. ನಾವೆಲ್ಲ ಇಲ್ವಾ?”

ಸಾಹೇಬರಿಗೆ, ಇಷ್ಟು ವರ್ಷ ಈ ಜನರನ್ನು ತಪ್ಪು ತೂಗಿದೆನಲ್ಲ ಎನಿಸಿತು.

ಮೆಕ್ಯಾನಿಕ್ ಮೂರು ಬಗೆಯ ಸೈಲೆನ್ಸರು ತಂದಿಟ್ಟ. ಮೊದಲನೆಯದು ಉದ್ದ, ದಪ್ಪ, ಸಂಭಾವಿತ; ಹಾಕಿದರೆ ಸದ್ದು ಹದವಾಗಿತ್ತು. ಪರದೆ ಇನ್ನೂರ ಹದಿನೆಂಟು ಎಂದಿತು.

“ಇದು ಬೇಡಪ್ಪ,” ಎಂದಳು ತರಕಾರಿ ಅಕ್ಕ. “ದೊಡ್ಡ ಸಾಹೇಬ್ರ ಗಾಡಿ ಅಂದ್ಮೇಲೆ ಬರೋದು ನಾಕು ಜನಕ್ಕೆ ಗೊತ್ತಾಗ್ಬೇಡ್ವಾ?”

ಎರಡನೆಯದಕ್ಕೆ ಇನ್ನೂರ ಮೂವತ್ತಾರು. ಬೇಕರಿಯವರು ಅಂಗಡಿಯಲ್ಲಿದ್ದ ಹೆಂಡತಿಗೆ ಫೋನು ಮಾಡಿ, “ಅಲ್ಲಿಗೆ ಕೇಳಿಸ್ತಾ? ಸರಿಯಾಗಿ ಕೇಳಿಸ್ಲಿಲ್ವಾ?” ಎಂದು ವಿಚಾರಿಸಿ, ಬೇಸರದಿಂದ ತಲೆಯಾಡಿಸಿದರು.

ಮೂರನೆಯದು ಗಿಡ್ಡ, ಲೋಟದಷ್ಟು ಅಗಲದ ಬಾಯಿ. ಅದರ ಜೊತೆಗೆ ಎಂಜಿನ್ನಿನಿಂದಲೇ ಹೊಸ ಪೈಪು ಎಳೆಯಬೇಕೆಂದ ಮೆಕ್ಯಾನಿಕ್. ಇಡೀ ಬೀದಿ ತೋಳೇರಿಸಿತು. ಒಬ್ಬರು ಸ್ಪ್ಯಾನರ್ ಕೊಟ್ಟರು, ಒಬ್ಬರು ಪೈಪು ಹಿಡಿದರು, ಮುದುಕಪ್ಪ ತುಕ್ಕು ಹಿಡಿದ ನಟ್ಟುಗಳಿಗೆ ತನ್ನಂಗಡಿಯ ಎಣ್ಣೆ ಬಿಟ್ಟ. ಸಾಹೇಬರು ಅಂಗಿಯ ತುಂಬ ಮಸಿ ಮಾಡಿಕೊಂಡು ಮದುವೆ ಮನೆಯ ಹುಡುಗನಂತೆ ಓಡಾಡಿದರು. ನಾಲ್ಕು ಗಂಟೆಗೆ ಕಾರು ಮತ್ತೆ ಉರುಳೆಯ ಮೇಲೆ ಗುಡುಗಿತು.

ಇನ್ನೂರ ಐವತ್ತೊಂದು!

ಬೇಕರಿಯವರ ಫೋನಿನಲ್ಲಿ ಹೆಂಡತಿ ಏನೋ ಕಿರುಚುತ್ತಿದ್ದರು. “ಕೇಳಿಸ್ತಂತೆ! ಗಾಜಿನ ಭರಣಿಗಳೆಲ್ಲ ಅಲ್ಲಾಡಿದ್ವಂತೆ!” ಎಂದು ಅವರು ಕುಣಿದರು. ಸೋತವರು ಗೆದ್ದವರಿಗಿಂತ ಹೆಚ್ಚು ಖುಷಿಪಟ್ಟಿದ್ದನ್ನು ಸಾಹೇಬರು ಅದೇ ಮೊದಲು ನೋಡಿದ್ದು. ಅವರು ಬೇಕರಿಯವರನ್ನು ತಬ್ಬಿಕೊಂಡು, “ನೋಡಿದ್ರಾ? ಡಬ್ಬಿ ಬಿಟ್ಟು ಇನ್ನೂರೈವತ್ತು!” ಎಂದರು.

ಕರ್ತವ್ಯ ಮಾತ್ರ ಬಿಡಬಾರದು. ಅರ್ಧ ಗಂಟೆ ಬಿಟ್ಟು, ಜನ ಅಂಗಡಿಗಳಿಗೆ ಮರಳಿದ ಮೇಲೆ, ಸಾಹೇಬರು ಅದೇ ಕಾರಿನಲ್ಲಿ ಮಾರ್ಕೆಟ್ಟಿಗೆ ದಿಢೀರ್ ತಪಾಸಣೆಗೆ ಹೋದರು. ತರಕಾರಿ ಅಕ್ಕನ ತಕ್ಕಡಿ ಗೆರೆ ಎಳೆದಂತೆ ಸಮ. ಮುದುಕಪ್ಪನ ಎಣ್ಣೆಯ ಅಳತೆ ಕಂಠಮಟ್ಟ. ಬೇಕರಿಯಲ್ಲಿ ಖಾಲಿ ಡಬ್ಬಿಯನ್ನು ಪಕ್ಕಕ್ಕಿಟ್ಟು, ಬಿಸ್ಕತ್ತನ್ನಷ್ಟೇ ತಟ್ಟೆಗೆ ಸುರಿದು ತೂಗುತ್ತಿದ್ದರು. ಬೀದಿಯ ಕೊನೆಯವರೆಗೆ ಒಂದೇ ಒಂದು ತಪ್ಪು ಸಿಗಲಿಲ್ಲ. ಹದಿನೆಂಟು ವರ್ಷದಲ್ಲಿ ಇಂಥ ದಿನ ಬಂದಿರಲಿಲ್ಲ. ಸಾಹೇಬರು ಸಂತೋಷ ತಡೆಯಲಾರದೆ ಕಾಸು ಕೊಟ್ಟೇ ಒಂದು ಕಿಲೋ ಬಿಸ್ಕತ್ತು ಕಟ್ಟಿಸಿಕೊಂಡರು. ಬೇಕರಿಯವರು ಅದನ್ನು ದೊಡ್ಡ ಚೀಲವೊಂದಕ್ಕೆ ಹಾಕಿ ತಾವೇ ತಂದು ಕಾರಿನಲ್ಲಿಟ್ಟರು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಬಿಸಿ ಕಾಫಿ ಹಿಡಿದು ನಿಂತಿದ್ದಳು.

“ನಾನು ಬರೋದು ಹೇಗೆ ಗೊತ್ತಾಯ್ತೇ?”

“ಹೇಗೆ ಗೊತ್ತಾಗಲ್ಲ ರೀ? ನಿಮ್ಮ ಗಾಡಿ ಸದ್ದಿನ ಸುದ್ದಿ ಆಗ್ಲೇ ಊರೆಲ್ಲ ಹಬ್ಬಿದೆ. ನೀವು ಮಾರ್ಕೆಟ್ಟಲ್ಲಿ ಗಾಡಿ ಸ್ಟಾರ್ಟ್ ಮಾಡಿದಾಗ ನೀರಿಟ್ಟೆ. ಸೇತುವೆ ಹತ್ರ ಬಂದಾಗ ಪುಡಿ ಹಾಕ್ದೆ. ಆಸ್ಪತ್ರೆ ತಿರುವಲ್ಲಿ ಸೋಸಿದೆ. ಇನ್ಮೇಲೆ ನೀವು ಎಲ್ಲಿಗೆ ಹೋದ್ರೂ ಅಲ್ಲಿನೋರಿಗೆ ಒಳ್ಳೇ ಅನುಕೂಲ ಬಿಡಿ.”

ಸಾಹೇಬರ ಕೈಯಲ್ಲಿ ಲೋಟ ಹಾಗೇ ನಿಂತಿತು. ಅಲ್ಲಾಡಿದ ಭರಣಿಗಳು ನೆನಪಾದವು. ಆ ಫೋನು ನೆನಪಾಯಿತು. ‘ಬರೋದು ನಾಕು ಜನಕ್ಕೆ ಗೊತ್ತಾಗ್ಬೇಡ್ವಾ’ ಎಂಬ ಮಾತು ನೆನಪಾಯಿತು.

“ಕಳ್ಳರು! ನಾಳೆ ಬೆಳಿಗ್ಗೇನೇ ಹಳೇ ಸೈಲೆನ್ಸರ್ ವಾಪಸ್ ಹಾಕಿಸ್ತೀನಿ!” ಎಂದು ಗುಡುಗಿ, ಚೀಲವನ್ನು ಮೇಜಿನ ಮೇಲೆ ಕುಕ್ಕಿದರು. ಒಳಗೆ ತಗಡಿನ ಸದ್ದಾಯಿತು.

ಬಿಸ್ಕತ್ತಿನ ಡಬ್ಬಿಯ ಕೆಳಗೆ ಅದೇ ಬೋರ್ಡು ಇತ್ತು. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಬೇಕರಿಯವರ ಗುಂಡು ಅಕ್ಷರ: ‘ಸಾರ್, ಹಳೇ ಸೈಲೆನ್ಸರೇ ಬೇಕು ಅನ್ನಿಸಿದರೆ ನೂರ ತೊಂಬತ್ತಕ್ಕೆ ಈ ಬೋರ್ಡು ಬೇಕಾಗುತ್ತದೆ. ನಾಲ್ಕು ಮೂಲೆಗೂ ತೂತು ಹೊಡೆಸಿದ್ದೇನೆ.’

ಸಾಹೇಬರು ಎದ್ದು, ಅಡುಗೆಮನೆಯ ತಕ್ಕಡಿ ತಂದು, ಡಬ್ಬಿಯನ್ನು ಪಕ್ಕಕ್ಕಿಟ್ಟು, ಬಿಸ್ಕತ್ತುಗಳನ್ನು ಒಂದೊಂದಾಗಿ ಜೋಡಿಸಿ ತೂಗಿದರು.

“ಕಡಿಮೆ ಇದ್ಯಾ?” ಎಂದು ಹೆಂಡತಿ ಆಸೆಯಿಂದ ಕೇಳಿದಳು.

“ಇಲ್ಲ ಕಣೇ,” ಎಂದರು ಸಾಹೇಬರು ಅಳುವ ದನಿಯಲ್ಲಿ. “ಹತ್ತು ಗ್ರಾಂ ಜಾಸ್ತೀನೇ ಇದೆ.”