ಎಡಗಡೆ ಕನ್ನಡಿಯ ಕಾಯಿಲೆ

ಕಾರಿನ ಸೈಡ್ ಮಿರರ್ ರಿಪೇರಿ ಮಾಡುವವನಿಗೆ ಹೇಳಿಕೊಳ್ಳಲು ಏನಿರುತ್ತದೆ ಎಂದು ನಾನೇ ಅಂದುಕೊಂಡಿದ್ದೆ. ಆದರೆ ಕನ್ನಡಿ ಸುಮ್ಮನಿದ್ದರೂ ಅದರ ಹತ್ತಿರ ಬರುವ ಜನ ಸುಮ್ಮನಿರುವುದಿಲ್ಲ. ಏನಾದರೊಂದು ನಡೆಯುತ್ತಲೇ ಇರುತ್ತದೆ.

ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಮೋಟಾರ್ ವೈಂಡಿಂಗ್ ಮಾಡಿದೆ. ನಿವೃತ್ತಿಯಾದ ಮೇಲೆ ನಾಗಸಂದ್ರದಲ್ಲಿ ಒಂದು ಶೆಡ್ ಹಾಕಿಕೊಂಡೆ. ಮನೆಯಲ್ಲಿ ಕೂತರೆ ಮಾತಾಡಬೇಕಾಗುತ್ತದೆ, ಅದಕ್ಕೆ.

೧. ದನದ ಕಿವಿ

ಕಾರ್ಖಾನೆಯಲ್ಲಿ ನಾನು ತಂತಿ ಸುತ್ತುತ್ತಿದ್ದ ಮೋಟಾರುಗಳನ್ನು ಎತ್ತಲು ಕ್ರೇನ್ ಬೇಕಿತ್ತು. ತಾನಾಗಿ ಮಡಚಿಕೊಳ್ಳುವ ಕನ್ನಡಿಯನ್ನು ನಾನು ಮೊದಲು ಕಂಡದ್ದು ಶೆಡ್ ಹಾಕಿದ ಮೇಲೆಯೇ. ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವ ಒಬ್ಬ ಇಂಜಿನಿಯರ್ ಹಾರ್ನ್ ಸರಿಮಾಡಿಸಲು ಬಂದಿದ್ದ. ಕಾರಿನಿಂದ ಇಳಿದು ಕೀಲಿಯ ಗುಂಡಿ ಒತ್ತಿದ. ಎರಡು ಕನ್ನಡಿಯೂ ದನ ಕಿವಿ ಹಿಂದಕ್ಕೆ ಮಾಡಿಕೊಂಡಂತೆ ಮಡಚಿಕೊಂಡವು.

ಇನ್ನೊಂದು ಸಲ ಮಾಡಿ ಎಂದೆ. ಮಾಡಿದ. ಇನ್ನೊಂದು ಸಲ ಎಂದೆ. ಹೀಗೆ ಹತ್ತು ಹನ್ನೊಂದು ಸಲ ಆಯಿತು.

"ಏನಾದ್ರೂ ಪ್ರಾಬ್ಲಮ್ ಕಾಣಿಸ್ತಾ ಇದೆಯಾ ಸಾರ್?" ಎಂದು ಅವನು ಹೆದರಿ ಕೇಳಿದ.

"ಇಲ್ಲ. ಚೆನ್ನಾಗಿದೆ ಅಂತ ನೋಡ್ತಾ ಇದ್ದೆ" ಎಂದೆ.

ಆಮೇಲೆ ಗುಜರಿಯಿಂದ ಅಂಥದ್ದೇ ಒಂದು ಕನ್ನಡಿ ತಂದು ಬಿಚ್ಚಿದೆ. ಒಳಗಿದ್ದ ಮೋಟಾರು ನನ್ನ ಹೆಬ್ಬೆರಳಿಗಿಂತ ಚಿಕ್ಕದು. ಪ್ಲಾಸ್ಟಿಕ್ ಹಲ್ಲಿನ ನಾಲ್ಕು ಗಾಲಿಗಳು. ಎಲ್ಲಿ ನಿಲ್ಲಬೇಕೆಂದು ಹೇಳುವ ಸ್ವಿಚ್ಚೇ ಇಲ್ಲ. ಮುಂದೆ ಹೋಗಲು ಜಾಗವಿಲ್ಲದಾಗ ಕರೆಂಟ್ ಏರುತ್ತದೆ. ಏರಿದ್ದು ತಿಳಿದ ಕೂಡಲೇ ತಾನೇ ನಿಲ್ಲುತ್ತದೆ. ಅದನ್ನೇ ನೋಡುತ್ತಾ ಕೂತದ್ದಕ್ಕೆ ಅಂದು ನನ್ನ ಊಟ ಆರಿತು. ಅಡ್ಡ ಸಿಕ್ಕಿತೆಂದು ಗೊತ್ತಾದ ಕ್ಷಣ ತಳ್ಳುವುದನ್ನು ಬಿಡುವ ಬುದ್ಧಿ ಇರುವವರು ನಮ್ಮ ಕಾರ್ಖಾನೆಯಲ್ಲಿ ಇಬ್ಬರೇ ಇದ್ದರು. ಇಬ್ಬರೂ ಬೇಗ ಕೆಲಸ ಬಿಟ್ಟು ಹೋದರು.

೨. ಸೇವಂತಿಗೆ ಹಾರ

ಅದೇ ಇಂಜಿನಿಯರ್ ದಸರಾ ಮುಗಿದ ವಾರ ಮತ್ತೆ ಬಂದ. ಕನ್ನಡಿ ಅರ್ಧ ಮಡಚಿ ನಿಲ್ಲುತ್ತಿತ್ತು. ಕೈಯಲ್ಲಿ ಹದಿನೆಂಟು ಹಾಳೆ ಪ್ರಿಂಟ್. ಇದು ಸಾಫ್ಟ್‌ವೇರ್ ತೊಂದರೆ ಎಂದು ಅರ್ಧ ಗಂಟೆ ವಿವರಿಸಿದ. ನಾನು ಕೇಳಿದೆ. ಆಮೇಲೆ ಕನ್ನಡಿಯ ಬುಡಕ್ಕೆ ಚಿಮಟ ಹಾಕಿ ಒಂದು ಮೊಳ ದಾರ ಎಳೆದೆ. ತುದಿಯಲ್ಲಿ ಒಂದು ಸೇವಂತಿಗೆ ಇತ್ತು.

ಆಯುಧಪೂಜೆಯ ದಿನ ಎಲ್ಲರೂ ಕನ್ನಡಿಗೇ ಹಾರ ಕಟ್ಟುತ್ತಾರೆ. ಕಟ್ಟಲು ಅದಕ್ಕಿಂತ ಅನುಕೂಲವಾದ ಜಾಗ ಕಾರಿನಲ್ಲಿ ಇಲ್ಲ. ಮಂಗಳಾರತಿ ಆದ ಮೇಲೆ ಲಾಕ್ ಒತ್ತುತ್ತಾರೆ. ಕನ್ನಡಿ ಹಾರವನ್ನು ನುಂಗುತ್ತದೆ. ಆ ವಾರ ನನ್ನಲ್ಲಿಗೆ ಏಳು ಕಾರು ಬಂದವು.

ಮುಂದಿನ ವರ್ಷವೂ ಅವನು ಬಂದ. ಈ ಸಲ ಕನ್ನಡಿಗೆ ಕಟ್ಟಲಿಲ್ಲ ಸಾರ್ ಎಂದು ಹೆಮ್ಮೆಯಿಂದ ಹೇಳಿದ. ವೈಪರ್‌ಗೆ ಕಟ್ಟಿದ್ದ. ಪೂಜೆ ಮುಗಿಯುವ ಹೊತ್ತಿಗೆ ನಾಲ್ಕು ಹನಿ ಮಳೆ ಬಂದಿತ್ತು. ಹಾರಕ್ಕೆ ಸಿಕ್ಕಿಕೊಂಡು ವೈಪರ್ ಮೋಟಾರು ಸುಟ್ಟು ಹೋಗಿತ್ತು.

೩. ಎರಡು ಬೆರಳಿನ ಗಲ್ಲಿ

ಇನ್ನು ಮುಂದಿನದೆಲ್ಲ ಒಂದೇ ಕಾರಿನದು.

ನಾಗಸಂದ್ರ ಹಳ್ಳಿಯಾಗಿದ್ದ ಕಾಲದಿಂದ ಇರುವ ಒಂದು ಮನೆ. ಇಬ್ಬರು ಗಂಡುಮಕ್ಕಳು. ಅವರನ್ನು ಅಣ್ಣ, ತಮ್ಮ ಎಂದೇ ಕರೆಯುತ್ತೇನೆ. ಇಬ್ಬರಿಗೂ ಅರವತ್ತು ಹತ್ತಿರ. ಪಾಲಾದಾಗ ಅಣ್ಣನಿಗೆ ಹಿಂದಿನ ಮನೆ, ತಮ್ಮನಿಗೆ ಮುಂದಿನ ಮನೆ ಬಂತು. ತಮ್ಮನ ಗೋಡೆಯ ಪಕ್ಕದ ಗಲ್ಲಿಯಲ್ಲೇ ಅಣ್ಣ ಓಡಾಡಬೇಕು. ಹೊಸ ಮನೆ ಕಟ್ಟುವಾಗ ತಮ್ಮ ಗೋಡೆಯನ್ನು ಒಂದು ಗೇಣು ಗಲ್ಲಿಗೆ ತಳ್ಳಿದ. ಜಗಳ ಊರ ಮುಂದಿನ ಕಟ್ಟೆಗೆ ಹೋಯಿತು. ಅವರ ತಾಯಿ ಅಲ್ಲೇ ಎದ್ದು ನಿಂತು, ಇನ್ನು ಚಿಕ್ಕವನ ಮನೆ ಹೊಸಿಲು ತುಳಿಯುವುದಿಲ್ಲ ಎಂದು ಎಲ್ಲರ ಮುಂದೆ ಆಣೆ ಮಾಡಿದರು. ಹತ್ತು ವರ್ಷವಾಗಿತ್ತು. ತುಳಿದಿರಲಿಲ್ಲ.

ತಾಯಿ ಹಿರಿಯವನ ಜೊತೆ ಇದ್ದರು. ವಯಸ್ಸು ಎಂಬತ್ತನಾಲ್ಕು. ಮಂಡಿ ಹಿಡಿದುಕೊಂಡಿತ್ತು. ವಾರಕ್ಕೆ ಮೂರು ದಿನ ಕಾಲಿಗೆ ವ್ಯಾಯಾಮ ಮಾಡಿಸುವ ಆಸ್ಪತ್ರೆಗೆ ಹೋಗಬೇಕು. ಅದಕ್ಕೇ ಅಣ್ಣ ಕಾರು ಕೊಂಡ. ಕನ್ನಡಿ ಮಡಚಿದರೆ ಆ ಗಲ್ಲಿಯಲ್ಲಿ ಕಾರು ಹೋಗುತ್ತದೆ, ಎರಡೂ ಕಡೆ ಎರಡೆರಡು ಬೆರಳು ಜಾಗ ಉಳಿಯುತ್ತದೆ. ಮಡಚದಿದ್ದರೆ ಹೋಗುವುದಿಲ್ಲ.

ತಮ್ಮ ಯಾರ ಮೂಲಕವೋ ಹೇಳಿ ಕಳಿಸಿದ್ದ. ಗೋಡೆಗೆ ಒಂದು ಗೀರು ಬಿದ್ದರೂ ಗಲ್ಲಿಯ ಬಾಯಿಗೆ ಕಲ್ಲು ಇಡುತ್ತೇನೆ ಎಂದು. ಬಾಯಿಮಾತಲ್ಲ. ಮೊಣಕಾಲೆತ್ತರದ ಒಂದು ಕಲ್ಲನ್ನು ತರಿಸಿ ಗೋಡೆಗೆ ಒರಗಿಸಿಯೂ ಇಟ್ಟಿದ್ದ.

ಅಣ್ಣ ಮೊದಲ ಸಲ ಬಂದಾಗ ಇಷ್ಟೆಲ್ಲ ಹೇಳಿ, "ಸಾರ್, ಕನ್ನಡಿ ಕೆಟ್ರೆ ನಮ್ಮಮ್ಮನ್ನ ಹೊತ್ಕೊಂಡು ಹೋಗ್ಬೇಕಾಗುತ್ತೆ" ಎಂದ.

ಕನ್ನಡಿ ನೋಡಿದೆ. ಆರೋಗ್ಯವಾಗಿತ್ತು. ಸುಮ್ಮನೆ ತೋರಿಸಿಕೊಂಡು ಹೋಗಲು ಬಂದಿದ್ದನಂತೆ. ಮನುಷ್ಯರು ತಮ್ಮ ಬಿ.ಪಿ. ಕೂಡ ಅಷ್ಟು ಶ್ರದ್ಧೆಯಿಂದ ತೋರಿಸುವುದಿಲ್ಲ.

೪. ಕಿಟಕಿಯ ಎದುರು

ಎರಡು ತಿಂಗಳಿಗೆ ಎಡಗಡೆಯದು ಕೆಟ್ಟಿತು. ಆಸ್ಪತ್ರೆಯಿಂದ ವಾಪಸು ಬರುವಾಗ, ಗಲ್ಲಿಯ ಮಧ್ಯದಲ್ಲಿ, ಮಡಚಿದ್ದ ಕನ್ನಡಿ ಟಕ್ಕೆಂದು ಬಿಚ್ಚಿಕೊಂಡು ತಮ್ಮನ ಅಡುಗೆಮನೆಯ ಕಿಟಕಿಯ ಗೂಡಿಗೆ ಹೋಗಿ ಕೂತಿತಂತೆ. ಕಾರು ಮುಂದೆ ಹೋಗದು, ಹಿಂದೆ ಬಾರದು. ಬಾಗಿಲು ತೆರೆಯಲು ಜಾಗವಿಲ್ಲ. ಗುಂಡಿ ಒತ್ತಿದರೆ ಒಳಗೆ ಕಟಕಟ ಸದ್ದು, ಅಷ್ಟೇ. ಕೈ ಚಾಚಿ ಎಳೆದು ಮಡಚೋಣವೆಂದರೆ ಮಧ್ಯೆ ತಾಯಿ. ಬಗ್ಗಿದರೆ ಮಂಡಿ ನೋವು ಎಂದರಂತೆ.

ಕಿಟಕಿಯ ಒಳಗೆ ತಮ್ಮನ ಹೆಂಡತಿ ಒಗ್ಗರಣೆ ಹಾಕುತ್ತಿದ್ದಳು. ಅತ್ತೆಯ ಮುಖ ಒಂದು ಮೊಳ ದೂರದಲ್ಲಿ. ಹತ್ತು ವರ್ಷದಿಂದ ಮಾತಿಲ್ಲ. ಏನು ಮಾಡುವುದೆಂದು ತೋಚದೆ ಅವಳು ಕಂಬಿಯ ಸಂದಿನಿಂದ ಒಂದು ಲೋಟ ಕಾಫಿ ಕೊಟ್ಟಳಂತೆ. ಅವಳ ಮೊಮ್ಮಗಳು, ನಾಲ್ಕು ವರ್ಷದ ಮಗು, ಸೊಂಟದ ಮೇಲೆ ಕೂತು ಮುತ್ತಜ್ಜಿಯ ಮೂಗುತಿ ನೋಡಿತಂತೆ. ಕಾಫಿ ಮುಗಿದ ಮೇಲೆ ಅವಳೇ ಸೌಟಿನಿಂದ ಕನ್ನಡಿಯನ್ನು ತಳ್ಳಿ ಬಿಡಿಸಿದಳಂತೆ.

ತಮ್ಮ ಹೊರಗೆ ಬಂದು, ಓದುವ ಕನ್ನಡಕ ಹಾಕಿಕೊಂಡು ಗೋಡೆಯನ್ನು ಮೂಲೆಯಿಂದ ಮೂಲೆಗೆ ನೋಡಿದ. ಒಂದು ಗೀರೂ ಸಿಗಲಿಲ್ಲ. ಪರೀಕ್ಷೆಯಲ್ಲಿ ಯಾರೂ ಫೇಲಾಗದಿದ್ದರೆ ಕೆಲವು ಮೇಷ್ಟ್ರು ಮುಖ ಇಳಿಸಿಕೊಂಡು ಹೋಗುತ್ತಾರಲ್ಲ, ಹಾಗೆ ಒಳಗೆ ಹೋದನಂತೆ.

೫. ಎಲ್ಲ ಬದಲಾಯಿಸಿದ್ದು

ಬಿಚ್ಚಿ ನೋಡಿದೆ. ಒಂದು ಗಾಲಿಯ ಎರಡು ಹಲ್ಲು ಹೋಗಿತ್ತು. ಹೊಸದು ಹಾಕಿದೆ. ವಾರದಲ್ಲಿ ಮತ್ತೆ ಅದೇ. ಮೋಟಾರು ಬದಲಾಯಿಸಿದೆ. ಮತ್ತೆ ಅದೇ. ಬಾಗಿಲೊಳಗಿನ ವೈರು ಬದಲಾಯಿಸಿದೆ. ಸ್ವಿಚ್ಚು ಬದಲಾಯಿಸಿದೆ. ಶೆಡ್ಡಿನಲ್ಲಿ ನೂರು ಸಲ ಮಡಚಿ ಬಿಚ್ಚಿದೆ. ಒಂದು ಸಲವೂ ತಪ್ಪಲಿಲ್ಲ. ಗಲ್ಲಿಗೆ ಹೋದರೆ ತಪ್ಪುತ್ತಿತ್ತು. ಅದೂ ಬರುವಾಗ ಮಾತ್ರ, ಎಡಗಡೆ ಮಾತ್ರ.

ಅಣ್ಣನಿಗೆ ನಿದ್ದೆ ಕೆಟ್ಟಿತು. ಇವತ್ತಲ್ಲ ನಾಳೆ ಗೋಡೆಗೆ ಗೀರು ಬೀಳುತ್ತದೆ, ಕಲ್ಲು ಬರುತ್ತದೆ ಎಂದು. ನಿಂಬೆಹಣ್ಣು ಕಟ್ಟಿದ. ಜ್ಯೋತಿಷಿ ಎಡಭಾಗದಲ್ಲಿ ದೋಷವಿದೆ ಎಂದನಂತೆ. ಅದು ನನಗೂ ಗೊತ್ತಿತ್ತು.

ವೈಂಡಿಂಗ್ ಸೆಕ್ಷನ್ನಿನಲ್ಲಿ ಒಂದು ಪದ್ಧತಿ ಇತ್ತು. ಮೋಟಾರಿನಲ್ಲಿ ತಪ್ಪು ಸಿಗದಿದ್ದರೆ ಅದು ನಿಂತಿರುವ ಜಾಗವನ್ನು ಹೋಗಿ ನೋಡಬೇಕು. ನಡೆದುಕೊಂಡು ಗಲ್ಲಿಗೆ ಹೋದೆ. ಗೋಡೆ ಸವರಿದೆ. ಎಷ್ಟೋ ಸಲ ಕನ್ನಡಿ ಬಿಚ್ಚಿಕೊಂಡಿದೆ, ಸುಣ್ಣ ಕೂಡ ಉದುರಿಲ್ಲ. ನಲವತ್ತಡಿ ಗೋಡೆಯಲ್ಲಿ ಕನ್ನಡಿ ಬಿಚ್ಚಿಕೊಳ್ಳಲು ಜಾಗ ಇದ್ದದ್ದು ಆ ಕಿಟಕಿಯ ಗೂಡಿನಲ್ಲಿ ಮಾತ್ರ. ಪ್ರತಿ ಸಲವೂ ಅಲ್ಲೇ ಬಿಚ್ಚಿಕೊಂಡಿದೆ.

ಕೆಟ್ಟ ಮೋಟಾರಿಗೆ ಕಿಟಕಿ ಎಲ್ಲಿದೆ ಎಂದು ಗೊತ್ತಿರುವುದಿಲ್ಲ.

"ಏನ್ ಸಾರ್, ಗೋಡೆ ಅಳೀತಾ ಇದೀರಾ?" ಎಂದು ತಮ್ಮ ಮಹಡಿಯಿಂದ ಕೇಳಿದ.

"ಹೌದು. ಒಂದು ಗೇಣು ಜಾಸ್ತಿ ಇದೆ" ಎಂದೆ. ಒಳಗೆ ಹೋದ.

೬. ಹಿಂದಿನ ಸೀಟು

ಮುಂದಿನ ಸಲ ಆಸ್ಪತ್ರೆಯಿಂದ ಬರುವಾಗ ನಾನು ಹಿಂದೆ ಕೂತೆ. ಅಣ್ಣ ಗಲ್ಲಿಯ ಬಾಯಲ್ಲಿ ಗುಂಡಿ ಒತ್ತಿದ. ಎರಡೂ ಮಡಚಿಕೊಂಡವು. ಬಲಗಡೆ ಪಕ್ಕದವರ ಕಾಂಪೌಂಡ್, ಅವನ ಕಣ್ಣು ಅಲ್ಲೇ ಇತ್ತು. ನನ್ನ ಕಣ್ಣು ಅಜ್ಜಿಯ ಮೇಲಿತ್ತು.

ಅಜ್ಜಿ ಸೆಕೆ ಎಂದು ಗಾಜು ಇಳಿಸಿದರು. ಸೆರಗು ಸರಿಮಾಡಿಕೊಂಡರು. ಸೆರಗಿನ ಕೆಳಗಿನಿಂದ ಒಂದು ಕೈ ಹೊರಗೆ ಹೋಯಿತು. ಒಗ್ಗರಣೆಯ ವಾಸನೆ ಬರುತ್ತಿದ್ದಂತೆ ಹೆಬ್ಬೆರಳು ಒಮ್ಮೆ ತಳ್ಳಿತು. ಟಕ್. ಕನ್ನಡಿ ಗೂಡಿನೊಳಗೆ ಕೂತಿತು. ಕೈ ವಾಪಸು ಬಂದು ಮಡಿಲಲ್ಲಿ ಮಲಗಿತು.

"ಅಯ್ಯೋ, ತಿರ್ಗಾ ಕೆಟ್ಟೋಯ್ತೇನ್ಲಾ?" ಎಂದರು ಅಜ್ಜಿ.

ನಾನು ಬೆರಗಾಗಿ ಕೂತೆ. ಈ ಕನ್ನಡಿಯನ್ನು ಮಾಡಿದವರು ಎಷ್ಟು ಯೋಚಿಸಿರಬೇಕು. ಮಳೆಗೆ, ಧೂಳಿಗೆ, ಕಳ್ಳರಿಗೆ ಎಲ್ಲದಕ್ಕೂ ಉಪಾಯ ಮಾಡಿದ್ದಾರೆ. ಒಳಗಿನಿಂದ ಬರುವ ಎಂಬತ್ತನಾಲ್ಕು ವರ್ಷದ ಹೆಬ್ಬೆರಳು ಯಾರ ಲೆಕ್ಕದಲ್ಲೂ ಇರಲಿಲ್ಲ. ನನ್ನ ಲೆಕ್ಕದಲ್ಲೂ.

ಕಾಫಿ ನನಗೂ ಬಂತು. ಮನೆ ಮುಟ್ಟಿದ ಮೇಲೆ ಅಣ್ಣ ಗೇಟು ತೆಗೆಯಲು ಇಳಿದ. ಅಜ್ಜಿ ತಿರುಗದೆಯೇ ಕೇಳಿದರು.

"ನೋಡ್ಬುಟ್ಟೆ ಅಲ್ವೇನಪ್ಪಾ?"

"ನೋಡಿದೆ. ಕೈಯಲ್ಲಿ ತಳ್ಳಿದ್ರೆ ಬರುತ್ತೆ ಅಂತ ಯಾರು ಹೇಳಿದ್ರು?"

"ದನ ಸಾಕಿವ್ನಿ ಕಣಪ್ಪಾ. ಕಿವಿ ಇಂದಕ್ಕೆ ಮಡಗಿದ್ರೆ ಮುಂದಕ್ಕೂ ಬತ್ತದೆ."

ಆಣೆ ಮಾಡಿದ್ದೀರಲ್ಲ ಎಂದೆ.

"ಹೊಸ್ಲು ತುಳಿಯಾಕಿಲ್ಲ ಅಂದಿದ್ದೆ. ತುಳಿದಿಲ್ಲ. ಕಿಟ್ಕಿ ಇಸ್ಯ ಯಾರೂ ಕೇಳ್ಲಿಲ್ಲ, ನಾನೂ ಯೋಳ್ಲಿಲ್ಲ."

ಕೈಯಿಂದ ತಳ್ಳಿದರೆ ಹಲ್ಲು ಮುರಿಯುತ್ತದೆ, ತಿಂಗಳಿಗೆ ಎರಡು ಸಲ ನಾನು ಬಿಚ್ಚಬೇಕಾಗುತ್ತದೆ ಎಂದು ಹೇಳಿದೆ. ಮರುದಿನ ಅವರ ಸೀಟಿನ ಪಕ್ಕಕ್ಕೆ, ಸೆರಗಿನ ಮರೆಯಲ್ಲಿ ಸಿಗುವಂತೆ, ಒಂದು ಚಿಕ್ಕ ಗುಂಡಿ ಕೂರಿಸಿದೆ. ಒಮ್ಮೆ ಒತ್ತಿದರೆ ಎಡಗಡೆ ಕನ್ನಡಿ ಬಿಚ್ಚಿಕೊಳ್ಳುತ್ತದೆ. ಕಾಫಿ ಮುಗಿದ ಮೇಲೆ ಇನ್ನೊಮ್ಮೆ ಒತ್ತಿದರೆ ಮಡಚಿಕೊಳ್ಳುತ್ತದೆ. ಮೂವತ್ತೈದು ವರ್ಷದ ಕೆಲಸದಲ್ಲಿ ಇಷ್ಟು ನಾಜೂಕಾದ ಕೆಲಸ ನಾನು ಮಾಡಿರಲಿಲ್ಲ.

ಅಜ್ಜಿ ಒತ್ತಿ ನೋಡಿದರು. ತೃಪ್ತಿಯಾಗಲಿಲ್ಲ.

"ಸದ್ದೇ ಇಲ್ವಲ್ಲಪ್ಪಾ. ಟಕ್ ಅಂದ್ರೆ ಅವಳು ಕಾಫಿಗೆ ಇಡ್ತಿದ್ಲು."

ಅಣ್ಣನಿಗೆ, ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ಗೋಡೆಗೆ ಮಾತ್ರ ಏನೂ ಆಗುವುದಿಲ್ಲ, ಕಿಟಕಿ ಹತ್ತಿರ ನಿಧಾನ ಮಾಡಿ ಎಂದೆ. ಅವನು ಒಂದು ಪ್ರಶ್ನೆಯನ್ನೂ ಕೇಳದೆ ಸರಿ ಎಂದ. ಅಷ್ಟು ಬೇಗ ಸರಿ ಎನ್ನುವ ಗಿರಾಕಿಯನ್ನು ನಾನು ಕಂಡಿಲ್ಲ. ಆಗಲೇ ಅನುಮಾನ ಬರಬೇಕಿತ್ತು.

೭. ಕೆಡದ ಕನ್ನಡಿ

ನಾಲ್ಕು ತಿಂಗಳು ಯಾರೂ ಬರಲಿಲ್ಲ. ಒಂದು ಸಂಜೆ ಅಣ್ಣ ಕಾರು ತಂದು ನಿಲ್ಲಿಸಿದ. ಅಜ್ಜಿ ಮುಂದಿನ ಸೀಟಿನಲ್ಲೇ ಕೂತಿದ್ದರು. ಏನಾಯಿತು ಎಂದೆ.

"ಏನಿಲ್ಲ ಸಾರ್. ಎಡಗಡೆ ಮಿರರ್..." ಎಂದು ನೆಲ ನೋಡಿದ. "ಒಂದು ವಾರದಿಂದ ಚೆನ್ನಾಗಿದೆ."

ಒಳ್ಳೆಯದಾಯಿತು ಎಂದೆ. ಅವನು ಹೋಗಲಿಲ್ಲ. ಸ್ಪ್ಯಾನರ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

"ಏನಾದ್ರೂ ಮಾಡಕ್ಕಾಗುತ್ತಾ ಸಾರ್?"

ಎಷ್ಟು ದಿನದಿಂದ ಗೊತ್ತು ಎಂದು ಕೇಳಿದೆ. ಎರಡನೇ ಸಲದಿಂದಲೇ ಗೊತ್ತಂತೆ. ತಾಯಿ ಕಾಫಿ ಕುಡಿಯುವಾಗ ಇವನು ಬಲಗಡೆ ಕಾಂಪೌಂಡನ್ನೇ ನೋಡಿಕೊಂಡು ಕೂರುತ್ತಿದ್ದನಂತೆ. ಹಾಗಾದರೆ ನನ್ನ ಕೈಲಿ ಮೋಟಾರು, ವೈರು, ಸ್ವಿಚ್ಚು ಎಲ್ಲ ಬದಲಾಯಿಸಿದ್ದೇಕೆ, ನಿದ್ದೆ ಕೆಟ್ಟಿತು ಎಂದಿದ್ದೇಕೆ ಎಂದೆ.

"ಕಲ್ಲಿನ ಭಯ ನಿಜಾನೇ ಸಾರ್. ರಿಪೇರಿ ಮಾಡಿಸ್ದೆ ಹೋದ್ರೆ ಅಮ್ಮಂಗೆ ಅನುಮಾನ ಬರಲ್ವಾ?"

ಅಷ್ಟರಲ್ಲಿ ಸ್ಕೂಟರಿನಲ್ಲಿ ತಮ್ಮ ಬಂದ. ಅಣ್ಣನನ್ನು ನೋಡಿ ಸ್ಕೂಟರು ತಿರುಗಿಸಲು ಹೊರಟ. ತಿರುಗಿಸಲು ಜಾಗವಿರಲಿಲ್ಲ. ಇಳಿದು, ನನ್ನ ಗೋಡೆಯ ಕ್ಯಾಲೆಂಡರಿಗೆ ಮುಖ ಮಾಡಿ ನಿಂತ.

"ಸಾರ್, ಅವರ ಕಾರಿನ ಕನ್ನಡಿ ಒಂದು ವಾರದಿಂದ ಕೆಡ್ತಾ ಇಲ್ಲ ಅಂತ ಹೇಳಿ" ಎಂದ.

ಅಣ್ಣ ಸ್ಪ್ಯಾನರ್‌ಗಳಿಗೆ ಹೇಳಿದ. "ಗೊತ್ತು ಅಂತ ಹೇಳಿ ಸಾರ್. ಅದಕ್ಕೇ ತಂದಿದೀನಿ ಅಂತ ಹೇಳಿ."

"ಸಂಜೆ ಆದ್ರೆ ಮಗು ಕಿಟಕಿ ಹತ್ರ ಕಲ್ಲು ಹತ್ಕೊಂಡು ನಿಂತ್ಬಿಡುತ್ತೆ, ಕಾರು ನಿಲ್ಲದೆ ಹೋದ್ರೆ ಅಳುತ್ತೆ ಅಂತ ಹೇಳಿ."

"ಯಾವ ಕಲ್ಲು?" ಎಂದು ನಾನೇ ಕೇಳಿದೆ.

ತಮ್ಮ ಕ್ಯಾಲೆಂಡರಿನ ಹಾಳೆ ಒಂದನ್ನು ಮಗುಚಿದ. "ಅದೇ. ಗಲ್ಲಿ ಬಾಯಿಗೆ ಇಡಕ್ಕೆ ತಂದಿದ್ನಲ್ಲ. ಮಗೂಗೆ ಕಿಟಕಿ ಎಟುಕ್ತಾ ಇರ್ಲಿಲ್ಲ. ನಾಲ್ಕು ಜನ ಹಿಡಿದು ಅಡುಗೆಮನೆ ಒಳಗಿಟ್ವಿ."

ಅಣ್ಣ ಮೊದಲ ಸಲ ತಲೆಯೆತ್ತಿದ. ಇಬ್ಬರೂ ನನ್ನ ಮುಖವನ್ನೇ ನೋಡುತ್ತಾ ನಿಂತರು, ಮುಂದಿನ ಮಾತು ನಾನು ದಾಟಿಸಬೇಕೆಂದು. ಊರಿನಲ್ಲಿ ಇಷ್ಟು ಬಾಯಿಬಡುಕರಿರುವಾಗ ಈ ಕೆಲಸಕ್ಕೆ ನಾನೇ ಸಿಕ್ಕಿದ್ದೆ.

"ನೀವೇ ಹೇಳ್ಕೊಳ್ಳಿ. ನನಗೆ ಕೆಲಸ ಇದೆ" ಎಂದು ಅಜ್ಜಿಯ ಸೀಟಿನ ಪಕ್ಕಕ್ಕೆ ಬಗ್ಗಿದೆ.

ಅಜ್ಜಿಯ ಗುಂಡಿಯ ವೈರು ಕಿತ್ತು ಬಂದಿತ್ತು, ಅಷ್ಟೇ. ಬೆಸುಗೆ ಹಾಕಿದೆ. ಸರಿಯಾಗಿದ್ದ ಕನ್ನಡಿಯನ್ನು ಕೆಡುವಂತೆ ರಿಪೇರಿ ಮಾಡಿದ್ದು ಜೀವಮಾನದಲ್ಲಿ ಅದೊಂದೇ. ಹಿಂದಿನಿಂದ ಮೆಲ್ಲಗೆ, ಟೈರ್ ಯಾವಾಗ ಬದಲಾಯಿಸಿದ್ದು ಎಂದು ಒಂದು ದನಿ ಕೇಳಿತು. ಹೋದ ತಿಂಗಳು ಎಂದು ಇನ್ನೊಂದು ದನಿ ಹೇಳಿತು.

ಅಜ್ಜಿಗೆ ಒತ್ತಿ ನೋಡಿ ಎಂದೆ. ಒತ್ತಿದರು. ಕನ್ನಡಿ ಸದ್ದಿಲ್ಲದೆ ಬಿಚ್ಚಿಕೊಂಡಿತು. ಅದರೊಳಗೆ ಹಿಂದೆ ನಿಂತಿದ್ದ ಇಬ್ಬರೂ ಕಂಡರು, ಒಂದೇ ಟೈರನ್ನು ನೋಡುತ್ತಾ. ಅಜ್ಜಿ ಒಂದು ಗಳಿಗೆ ಅದನ್ನೇ ನೋಡಿದರು. ಆಮೇಲೆ ಗುಂಡಿ ಒತ್ತಿ ಮಡಚಿದರು.

"ಬೇಗ ಬಿಡಪ್ಪಾ" ಎಂದರು. "ಅಲ್ಲಿ ಕಾಫಿ ಆರೋಯ್ತದೆ."